ಹಾರ್ಡ್‌ಟೇಲೋ, ಫುಲ್ ಸಸ್ಪೆನ್ಷನ್ನೋ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ನೆಲದಲ್ಲಿ ಕ್ರಾಸ್‌ಕಂಟ್ರಿ ರೇಸ್ ಸೈಕಲ್ ಆರಿಸುವ ಬಗೆ

ಏರು, ಇಳಿಜಾರು, ಕಚ್ಚಾ ದಾರಿಗಳಲ್ಲಿ ಸುತ್ತು ಹೊಡೆಯುವ ಕ್ರಾಸ್‌ಕಂಟ್ರಿ ರೇಸಿಗೆಂದು ಮೌಂಟನ್ ಬೈಕ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಇಳಿಜಾರನ್ನೇ ಕಣ್ಣಮುಂದೆ ಇಟ್ಟುಕೊಳ್ಳುತ್ತಾರೆ. ಬಂಡೆ ಇಳಿಯುವಾಗ ಹಿಂದಿನ ಚಕ್ರಕ್ಕೂ ಶಾಕ್ ಇದ್ದರೆ ಒಳ್ಳೆಯದಲ್ಲವೇ ಎಂಬ ಲೆಕ್ಕ. ಆದರೆ ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇಳಿಜಾರು ಬೇಗ ಮುಗಿದುಹೋಗುತ್ತದೆ. ಸುತ್ತಿನ ಹೆಚ್ಚಿನ ಸಮಯ ಕಳೆಯುವುದು ನೋಡಲು ಮಟ್ಟಸವಾಗಿದ್ದೂ ಉದ್ದಕ್ಕೂ ಕುಲುಕುವ ಹೊಲದ ದಾರಿಯಲ್ಲಿ, ಗರಸಿನ ಏರಿನಲ್ಲಿ. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸೀಟಿನಿಂದ ಏಳದೆ, ತುಳಿತ ನಿಲ್ಲಿಸದೆ ಹೋಗಲು ಆಗುತ್ತದೆಯೇ? ಎದ್ದು ನಿಂತಷ್ಟೂ ಸಲ ತೊಡೆ ದಣಿಯುತ್ತದೆ, ಪೆಡಲ್ ನಿಂತಷ್ಟೂ ಸಲ ವೇಗ ಬೀಳುತ್ತದೆ. ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್, ಹಿಂದೆಯೂ ಶಾಕ್ ಇರುವ ಫುಲ್ ಸಸ್ಪೆನ್ಷನ್, ಈ ಎರಡು ಬಗೆಯ ಸೈಕಲ್‌ಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ.

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ. ಒಂದೂವರೆ ಲಕ್ಷದೊಳಗಿನ ಹಣವಾದರೆ ಹಾರ್ಡ್‌ಟೇಲ್ ಕೊಳ್ಳಿ, ಎರಡನೇ ಮಾತು ಬೇಡ. ಎರಡು ಲಕ್ಷ ದಾಟಬಲ್ಲಿರಿ, ಓಡುವುದು ಒಂದೂವರೆ ಗಂಟೆಗಿಂತ ದೊಡ್ಡ ರೇಸುಗಳಲ್ಲಿ, ಜೊತೆಗೆ ಸರ್ವಿಸಿಗೂ ವರ್ಷವರ್ಷ ದುಡ್ಡು ತೆಗೆದಿಡಬಲ್ಲಿರಿ ಅನ್ನುವುದಾದರೆ ಫುಲ್ ಸಸ್ಪೆನ್ಷನ್ ಈ ನೆಲಕ್ಕೆ ಚೆನ್ನಾಗಿ ಒಗ್ಗುತ್ತದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಹಾರ್ಡ್‌ಟೇಲೇ ಸರಿ.

ಮೊದಲು ‘ಡಬಲ್ ಶಾಕ್’ ಸೈಕಲನ್ನು ಪಕ್ಕಕ್ಕಿಡಿ

ಊರಿನ ಸೈಕಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ಸಾವಿರಕ್ಕೆ ‘ಡಬಲ್ ಶಾಕ್’, ‘ಡಬಲ್ ಸಸ್ಪೆನ್ಷನ್’ ಎಂದು ಕೊಡುವುದು ಈ ಹೋಲಿಕೆಗೆ ಬರುವ ಸೈಕಲ್ಲೇ ಅಲ್ಲ. ಹಿಂದೆ ಇರುವುದು ಒಂದು ಸುರುಳಿ ಸ್ಪ್ರಿಂಗು, ಅಷ್ಟೆ. ಒತ್ತಿದ ಸ್ಪ್ರಿಂಗು ಎಷ್ಟು ನಿಧಾನವಾಗಿ ವಾಪಸು ಬರಬೇಕೆಂದು ಹಿಡಿತದಲ್ಲಿಡುವ ಎಣ್ಣೆಯ ಡ್ಯಾಂಪರ್ ಒಳಗಿರುವುದಿಲ್ಲ. ಹಿಂದಿನ ಕೀಲಿನಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಷ್ ಇರುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಸವೆದು ಹಿಂಬದಿ ಅಲ್ಲಾಡತೊಡಗುತ್ತದೆ. ತೂಕ 16ರಿಂದ 18 ಕೆ.ಜಿ. ಏರಿನಲ್ಲಿ ಎದ್ದು ತುಳಿದರೆ ಪ್ರತಿ ತುಳಿತಕ್ಕೂ ಹಿಂಬದಿ ಕುಸಿಯುತ್ತದೆ. ಹಾಕಿದ ಶಕ್ತಿಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಅದೇ ಹಣಕ್ಕೆ ಹಿಂದೆ ಶಾಕ್ ಇಲ್ಲದ, ಡಿಸ್ಕ್ ಬ್ರೇಕಿನ ಸರಳ ಸೈಕಲ್ ಹಿಡಿದು ಅಭ್ಯಾಸ ಶುರು ಮಾಡುವುದು ಎಷ್ಟೋ ಮೇಲು.

ಇಲ್ಲಿ ಫುಲ್ ಸಸ್ಪೆನ್ಷನ್ ಅಂದರೆ ಹಿಂದೆ ಗಾಳಿಯ ಶಾಕ್, ಹಿಂದೆ ಮುಂದೆ 100ರಿಂದ 120 ಮಿ.ಮೀ. ಚಲನೆ, 29 ಇಂಚಿನ ಚಕ್ರ ಇರುವ ರೇಸ್ ಸೈಕಲ್. ಹಾರ್ಡ್‌ಟೇಲ್ ಅಂದರೆ ಮುಂದೆ 100 ಅಥವಾ 120 ಮಿ.ಮೀ. ಗಾಳಿಯ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಇದ್ದು ಹಿಂಬದಿ ಗಟ್ಟಿಯಾಗಿರುವುದು. ಸುರುಳಿ ಸ್ಪ್ರಿಂಗಿನ ಫೋರ್ಕ್ ಇದ್ದರೆ ಅದನ್ನೂ ರೇಸ್ ಹಾರ್ಡ್‌ಟೇಲ್ ಎಂದು ಎಣಿಸಬೇಡಿ. ನಿಮ್ಮ ತೂಕಕ್ಕೆ ತಕ್ಕಂತೆ ಅದನ್ನು ಹೊಂದಿಸಲು ಆಗುವುದಿಲ್ಲ.

ತೂಕದ ಲೆಕ್ಕ

ಕಾರ್ಬನ್ ಹಾರ್ಡ್‌ಟೇಲ್ ಸುಮಾರು 9ರಿಂದ 10.5 ಕೆ.ಜಿ., ಕಾರ್ಬನ್ ಫುಲ್ ಸಸ್ಪೆನ್ಷನ್ 10.5ರಿಂದ 12. ಅಲ್ಯೂಮಿನಿಯಂನಲ್ಲಿ ಹಾರ್ಡ್‌ಟೇಲ್ 11.5ರಿಂದ 13.5, ಫುಲ್ ಸಸ್ಪೆನ್ಷನ್ 13ರಿಂದ 15. ಒಂದೇ ದರ್ಜೆಯ ಬಿಡಿಭಾಗ ಹಾಕಿದ ಎರಡು ಸೈಕಲ್ ಇಟ್ಟು ತೂಗಿದರೆ ಅಂತರ ಒಂದೂವರೆ ಕೆ.ಜಿ. ಆಸುಪಾಸು ಬರುತ್ತದೆ. ಶಾಕ್, ಅದನ್ನು ಹಿಂಬದಿಗೆ ಜೋಡಿಸುವ ಲಿಂಕ್, ಬೇರಿಂಗ್, ಬೋಲ್ಟುಗಳ ತೂಕ ಅದು.

ಒಂದೂವರೆ ಕೆ.ಜಿ. ಎಂದರೆ ಎದೆ ಧಸಕ್ಕೆನ್ನಬೇಕಾಗಿಲ್ಲ, ಲೆಕ್ಕ ಹಾಕಿ. ಸವಾರ 65 ಕೆ.ಜಿ., ಬಟ್ಟೆ, ಹೆಲ್ಮೆಟ್, ನೀರು ಸೇರಿ 3, ಹಾರ್ಡ್‌ಟೇಲ್ 11; ಒಟ್ಟು 79. ಫುಲ್ ಸಸ್ಪೆನ್ಷನ್ ಆದರೆ 80.5. ಹೆಚ್ಚಾದದ್ದು ಶೇಕಡಾ 2ಕ್ಕಿಂತ ತುಸು ಕಡಿಮೆ. ಕಡಿದಾದ ಏರಿನಲ್ಲಿ ಶಕ್ತಿಯ ಬಹುಪಾಲು ತೂಕವನ್ನು ಎತ್ತುವುದಕ್ಕೇ ಖರ್ಚಾಗುವುದರಿಂದ 10 ನಿಮಿಷದ ಏರಿಗೆ 11 ಸೆಕೆಂಡ್ ತಡ. ಇಡೀ ರೇಸಿನಲ್ಲಿ 40 ನಿಮಿಷ ಏರು ಇದ್ದರೆ 45 ಸೆಕೆಂಡಿನಷ್ಟು. ಈ 45 ಸೆಕೆಂಡನ್ನು ಉಳಿದ ದಾರಿಯಲ್ಲಿ ಹಿಂದಿನ ಶಾಕ್ ವಾಪಸು ಗಳಿಸಿಕೊಡುತ್ತದೆಯೇ ಎಂಬುದು ನೆಲವನ್ನು ಅವಲಂಬಿಸಿದೆ. ಹಾಗಾಗಿ ನೆಲದ ಬಗ್ಗೆಯೇ ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ನೆಲ, ಒಂದೊಂದಾಗಿ

ಗರಸಿನ ಏರು. ನಂದಿ, ಸ್ಕಂದಗಿರಿ ಸೇರಿದಂತೆ ಪಂಚಗಿರಿ ಸಾಲಿನ ತಪ್ಪಲಿನಲ್ಲೂ ಕೋಲಾರದ ಬೆಟ್ಟಗಳ ಕೆಳಗೂ ಕಾಣುವುದು ಇದೇ. ಬೆಣಚುಬಂಡೆ ಶಿಥಿಲವಾಗಿ ಉದುರಿದ ದಪ್ಪ ಕಾಳು, ಗಟ್ಟಿ ನೆಲದ ಮೇಲೆ ಸಡಿಲವಾಗಿ ಕೂತಿರುತ್ತದೆ. ಎದ್ದು ತುಳಿದರೆ ಭಾರ ಮುಂದಕ್ಕೆ ಹೋಗಿ ಹಿಂದಿನ ಟಯರ್ ‘ಸರ್’ ಎಂದು ಜಾರುತ್ತದೆ, ಅಲ್ಲಿಗೆ ಕಾಲು ಕೆಳಗೆ. ಮಳೆಯ ಕೊರಕಲುಗಳಿದ್ದರಂತೂ ಹಾರ್ಡ್‌ಟೇಲಿನ ಹಿಂದಿನ ಚಕ್ರ ಪ್ರತಿ ಅಂಚಿಗೂ ಕ್ಷಣಮಾತ್ರ ನೆಲ ಬಿಡುತ್ತದೆ. ಫುಲ್ ಸಸ್ಪೆನ್ಷನ್ ಟಯರನ್ನು ನೆಲಕ್ಕೆ ಒತ್ತಿಯೇ ಇಡುವುದರಿಂದ ಕೂತು ತುಳಿಯುತ್ತಾ ಹತ್ತಬಹುದು. ತೂಕದಿಂದ ಕಳೆದುಕೊಂಡದ್ದರಲ್ಲಿ ಒಂದು ಪಾಲು ಇಲ್ಲೇ ಮರಳುತ್ತದೆ. ಹಾರ್ಡ್‌ಟೇಲಿನಲ್ಲಿ ಇದೇ ಏರು ಹತ್ತಲು ಸೀಟಿನ ಮೂಗಿಗೆ ಸರಿದು ಕೂರಬೇಕು, ಮೊಣಕೈ ಕೆಳಕ್ಕೆ ಇಳಿಸಬೇಕು, ಒಂದು ಗೇರ್ ಹಗುರ ಇಟ್ಟು ನಿಮಿಷಕ್ಕೆ 75–80 ಸುತ್ತು ಒಂದೇ ಸಮ ತುಳಿಯಬೇಕು. ಕಲಿತರೆ ಆಗುತ್ತದೆ, ಆದರೆ ಕೊನೆಯ ಸುತ್ತಿನಲ್ಲಿ ದಣಿದ ಕಾಲಿಗೆ ಅದು ಕಷ್ಟ.

ಟ್ರ್ಯಾಕ್ಟರ್ ಜಾಡು. ಮಳೆಯಲ್ಲಿ ನೆನೆದ ಕೆಮ್ಮಣ್ಣಿನ ಮೇಲೆ ಟ್ರ್ಯಾಕ್ಟರ್ ಓಡಿ, ಆಮೇಲೆ ಬಿಸಿಲಿಗೆ ಒಣಗಿ, ಟಯರಿನ ಗೆರೆಗಳು ಇಟ್ಟಿಗೆಯಷ್ಟು ಗಟ್ಟಿಯಾಗಿ ಉಳಿದುಬಿಡುತ್ತವೆ. ರಾಗಿ ಹೊಲಗಳ ನಡುವೆ, ಮಾವಿನ ತೋಟಗಳ ಬೇಲಿಯ ಪಕ್ಕ ಕಿಲೋಮೀಟರ್‌ಗಟ್ಟಲೆ ಇದೇ ದಾರಿ. ಗೆರೆಗಳ ಅಂತರ 25 ಸೆಂ.ಮೀ. ಇದ್ದು ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ 22 ಸಲ ಕುಟ್ಟುತ್ತದೆ. ಹಾರ್ಡ್‌ಟೇಲಿನಲ್ಲಿ ಇದನ್ನು ಸೊಂಟವೇ ತಡೆದುಕೊಳ್ಳಬೇಕು. ಸವಾರ ಸೀಟಿನಿಂದ ಅರ್ಧ ಇಂಚು ಎದ್ದು ತೊಡೆಯ ಮೇಲೆ ಭಾರ ಹೊರುತ್ತಾನೆ. ಹತ್ತು ನಿಮಿಷಕ್ಕೆ ಅದು ಗೊತ್ತಾಗುವುದಿಲ್ಲ, ಎರಡು ಗಂಟೆಗೆ ಬೆನ್ನು ಹೇಳುತ್ತದೆ. ಫುಲ್ ಸಸ್ಪೆನ್ಷನ್ ನಮ್ಮ ಕಡೆ ಹಾಕಿದ ದುಡ್ಡಿಗೆ ನ್ಯಾಯ ಒದಗಿಸುವ ಜಾಗ ಯಾವುದೆಂದರೆ ಇದೇ, ಬೆಟ್ಟದ ಇಳಿಜಾರಲ್ಲ.

ಒಂದು ಎಚ್ಚರಿಕೆ: ಇಷ್ಟು ವೇಗದ ಕುಟ್ಟಿಗೆ ಶಾಕ್ ಮಾತ್ರ ಸಾಲದು. ಸಣ್ಣ ಕಂಪನವನ್ನು ಮೊದಲು ನುಂಗಬೇಕಾದದ್ದು ಟಯರ್. ಟಯರಿಗೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿ ಮೂರು ಲಕ್ಷದ ಫುಲ್ ಸಸ್ಪೆನ್ಷನ್ ಓಡಿಸುವವರಿಗಿಂತ 22 ಪಿಎಸ್‌ಐ ಇಟ್ಟ ಹಾರ್ಡ್‌ಟೇಲ್ ಸವಾರ ಆರಾಮವಾಗಿ ಹೋಗುತ್ತಾನೆ.

ಹಾಸುಬಂಡೆ. ಒಣಗಿದ ಬೆಣಚುಬಂಡೆಗೆ ಟಯರ್ ಚೆನ್ನಾಗಿ ಕಚ್ಚುತ್ತದೆ. ನೋಡಲು ಭಯವಾಗುವಷ್ಟು ಕಡಿದಾಗಿದ್ದರೂ ಉರುಳಿಕೊಂಡೇ ಇಳಿಯಬಹುದು, ಹಾರ್ಡ್‌ಟೇಲ್ ಸಾಕು. ಇಲ್ಲಿ ಹಿಂದಿನ ಶಾಕ್‌ಗಿಂತ ಸೀಟನ್ನು ಗುಂಡಿ ಒತ್ತಿ ಇಳಿಸುವ ಡ್ರಾಪರ್ ಪೋಸ್ಟ್ ಹೆಚ್ಚು ಉಪಕಾರಿ. 100–125 ಮಿ.ಮೀ. ಇಳಿಯುವ ಡ್ರಾಪರ್ ಮಾಮೂಲಿ ಸೀಟ್‌ಪೋಸ್ಟಿಗಿಂತ 300ರಿಂದ 500 ಗ್ರಾಂ ಹೆಚ್ಚು ತೂಗುತ್ತದೆ, ಆದರೂ ಹಾಕಿಸಿಕೊಳ್ಳಿ. ಪೆಟ್ಟು ಬೀಳುವುದು ಬಂಡೆ ಮುಗಿಯುವ ಅಂಚಿನಲ್ಲಿ. ಅಲ್ಲಿ 10–15 ಸೆಂ.ಮೀ. ಚೌಕು ಮೆಟ್ಟಿಲಿನಂತೆ ಬಂಡೆ ತುಂಡಾಗಿರುತ್ತದೆ. ಹಾರ್ಡ್‌ಟೇಲಿನ ಹಿಂದಿನ ರಿಮ್ ನೆಗ್ಗುವುದು ಇಂಥ ಕಡೆ. ಮಳೆ ಬಿದ್ದ ಮೇಲೆ, ಪಾಚಿ ಕಪ್ಪಾಗಿ ಕಟ್ಟಿದ ಕಡೆ, ಎರಡೂ ಸೈಕಲ್ ಒಂದೇ ರೀತಿ ಜಾರುತ್ತವೆ.

ನೀಲಗಿರಿ ತೋಪು, ಕೆರೆ ಏರಿ. ತೋಪಿನ ಸಾಲುಗಳ ನಡುವಿನ ತಿರುವುಮುರುವು ದಾರಿಯಲ್ಲಿ ಹತ್ತು ಮೀಟರಿಗೊಮ್ಮೆ ಬ್ರೇಕ್, ಮತ್ತೆ ಜಿಗಿತ. ಹಗುರವಾದ ಹಾರ್ಡ್‌ಟೇಲ್ ಇಲ್ಲಿ ಚುರುಕು. ತರಗೆಲೆಯಡಿ ಕಡಿದ ಮರಗಳ ಮೋಟುಗಳು ಅಡಗಿರುತ್ತವೆ, ಅದಕ್ಕೆ ಯಾವ ಶಾಕೂ ಮದ್ದಲ್ಲ. ಹಿಂದಿನ ದಿನ ನಡೆದು ನೋಡಿಕೊಂಡು ಬರಬೇಕು. ಕೆರೆ ಏರಿಯ ನುಣುಪು ದಾರಿಯಲ್ಲಿ ಹಾರ್ಡ್‌ಟೇಲ್ ಸಲೀಸು.

ಅಭ್ಯಾಸದ ಜಾಗದ ಬಗ್ಗೆ ಒಂದು ಮಾತು. ದೇವರಾಯನದುರ್ಗದ ಸುತ್ತ, ಅಂತರಗಂಗೆ ಬೆಟ್ಟದಲ್ಲಿ, ಸ್ಕಂದಗಿರಿಯಲ್ಲಿ ಅರಣ್ಯ ಇಲಾಖೆಯ ನೆಲವಿದೆ. ಅನುಮತಿ ಇಲ್ಲದೆ ಕಾಲುದಾರಿಗೆ ಸೈಕಲ್ ಇಳಿಸಬಾರದು. ದೇವರಾಯನದುರ್ಗದ ಕಾಡಿನಲ್ಲಿ ಚಿರತೆಯೂ ಕರಡಿಯೂ ಇವೆ, ನಸುಕಿನಲ್ಲಿ ಒಬ್ಬರೇ ಹೋಗುವ ಜಾಗ ಅದಲ್ಲ. ಊರ ಹೊರಗಿನ ಗಾಡಿದಾರಿ, ಮಾಲೀಕರು ಒಪ್ಪಿದ ತೋಪುಗಳೇ ಅಭ್ಯಾಸಕ್ಕೆ ಸಾಕಷ್ಟು. ನಂದಿಬೆಟ್ಟದ ಡಾಂಬರು ರಸ್ತೆ ಹತ್ತಿ ಎರಡು ಸೈಕಲ್ ಹೋಲಿಸುವುದರಿಂದ ಪ್ರಯೋಜನವಿಲ್ಲ. ಡಾಂಬರಿನ ಮೇಲೆ ಹಾರ್ಡ್‌ಟೇಲ್ ಯಾವಾಗಲೂ ಗೆಲ್ಲುತ್ತದೆ, ರೇಸು ನಡೆಯುವುದು ಡಾಂಬರಿನ ಮೇಲಲ್ಲ.

ಯಾವ ರೇಸು?

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ನಿಯಮದ ಪ್ರಕಾರ ಒಲಿಂಪಿಕ್ ಮಾದರಿಯ ಕ್ರಾಸ್‌ಕಂಟ್ರಿಯ ಸುತ್ತು 4ರಿಂದ 6 ಕಿ.ಮೀ., ಎಲೀಟ್ ಅಂದರೆ ಅಗ್ರ ದರ್ಜೆಯ ವಿಭಾಗಕ್ಕೆ ಒಟ್ಟು ಸಮಯ 1 ಗಂಟೆ 20 ನಿಮಿಷದಿಂದ 1 ಗಂಟೆ 40 ನಿಮಿಷ. ಮ್ಯಾರಥಾನ್ ಮಾದರಿ 60ರಿಂದ 160 ಕಿ.ಮೀ. ಮಧ್ಯದಲ್ಲಿ ಸೈಕಲ್ ಬದಲಿಸುವಂತಿಲ್ಲ, ಹೊರಟ ಸೈಕಲ್ಲಿನಲ್ಲೇ ಮುಗಿಸಬೇಕು.

ದೊಡ್ಡ ರೇಸುಗಳಲ್ಲಿ ಗಾಳಿ ಎತ್ತ ಬೀಸಿದೆ ಎಂಬುದು ಸ್ಪಷ್ಟ. ಕ್ರಾಸ್‌ಕಂಟ್ರಿ ಒಲಿಂಪಿಕ್ಸಿಗೆ ಬಂದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. 2012ರ ಲಂಡನ್‌ನಲ್ಲಿ ಜೆಕ್ ಸವಾರ ಯಾರೊಸ್ಲಾವ್ ಕುಲ್ಹಾವಿ 29 ಇಂಚಿನ ಫುಲ್ ಸಸ್ಪೆನ್ಷನ್ ಸೈಕಲ್ಲಿನಲ್ಲಿ, ಹಾರ್ಡ್‌ಟೇಲ್ ಓಡಿಸುತ್ತಿದ್ದ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್ ಅವರನ್ನು ಒಂದೇ ಸೆಕೆಂಡಿನಿಂದ ಸೋಲಿಸಿ ಚಿನ್ನ ಗೆದ್ದರು. 2016ರಲ್ಲಿ ರಿಯೊದಲ್ಲಿ ಶುರ್ಟರ್ ಗೆದ್ದದ್ದು ಫುಲ್ ಸಸ್ಪೆನ್ಷನ್ ಮೇಲೆಯೇ. ಆದರೆ ಇದನ್ನು ನೋಡಿ ತೀರ್ಮಾನಿಸುವ ಮುನ್ನ ಒಂದು ಯೋಚಿಸಿ. ಅವರ ಟ್ರ್ಯಾಕ್‌ಗಳಲ್ಲಿ ಕೃತಕ ಬಂಡೆರಾಶಿ, ಜಿಗಿತಗಳು ಹೆಚ್ಚಾಗುತ್ತಾ ಬಂದಿವೆ, ಮತ್ತು ಪ್ರತಿ ರೇಸಿನ ನಂತರ ಸೈಕಲ್ ಬಿಚ್ಚಿ ಜೋಡಿಸಲು ಮೆಕ್ಯಾನಿಕ್ ಇರುತ್ತಾರೆ. ನಮ್ಮ ಕಡೆ ತೋಪಿನಲ್ಲೋ ಕ್ವಾರಿ ಪಕ್ಕದ ಬಯಲಿನಲ್ಲೋ ಹಗ್ಗ ಕಟ್ಟಿ ನಡೆಸುವ 45 ನಿಮಿಷ, ಒಂದು ಗಂಟೆಯ ರೇಸಿಗೆ ಹಾರ್ಡ್‌ಟೇಲ್ ಯಾವ ರೀತಿಯಲ್ಲೂ ಕಡಿಮೆಯಲ್ಲ. ಅದು ಮೂರು ನಾಲ್ಕು ಗಂಟೆಯ ಮ್ಯಾರಥಾನ್ ಆದರೆ ಮಾತು ತಿರುಗುತ್ತದೆ. ಸೊಂಟ, ಅಂಗೈ, ತೊಡೆ ಉಳಿಸಿಕೊಂಡವರು ಕೊನೆಯ ಗಂಟೆಯಲ್ಲಿ ಮುಂದೆ ಹೋಗುತ್ತಾರೆ.

ನೀರಿನ ಬಾಟಲಿಯ ವಿಷಯ ಹಲವರು ಮರೆಯುತ್ತಾರೆ. ಮಾರ್ಚ್‌ನಿಂದ ಮೇ ತನಕ ನಮ್ಮ ಬಿಸಿಲಿಗೆ ಗಂಟೆಗೆ ಒಂದು ಬಾಟಲಿ ಸಾಲುವುದಿಲ್ಲ. ಹಾರ್ಡ್‌ಟೇಲ್ ಫ್ರೇಮಿನಲ್ಲಿ ಎರಡು ಬಾಟಲಿ ಸುಲಭವಾಗಿ ಕೂರುತ್ತವೆ. ಫುಲ್ ಸಸ್ಪೆನ್ಷನ್ನಿನ ಸಣ್ಣ ಅಳತೆಯ ಎಷ್ಟೋ ಫ್ರೇಮುಗಳಲ್ಲಿ ಶಾಕ್ ಜಾಗ ತಿಂದು ಒಂದೇ ಬಾಟಲಿ ಹಿಡಿಸುತ್ತದೆ. ಎತ್ತರ 165 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅಂಗಡಿಯಲ್ಲೇ 750 ಮಿ.ಲೀ. ಬಾಟಲಿ ಇಟ್ಟು ತೆಗೆದು ನೋಡಿ.

ದೂಳು, ಕೆಸರು, ಸರ್ವಿಸು

ಫುಲ್ ಸಸ್ಪೆನ್ಷನ್ ಕೊಂಡವರು ಬೇಸರಪಡುವುದು ಕೊಂಡ ದಿನವಲ್ಲ, ಎಂಟು ತಿಂಗಳ ನಂತರ. ಫೋರ್ಕಿನ ಕೆಳಗಿನ ಕಾಲುಗಳನ್ನು ಬಿಚ್ಚಿ ಎಣ್ಣೆ ಬದಲಿಸಿ ಸೀಲ್ ಒರೆಸುವುದನ್ನು ಸುಮಾರು 50 ಗಂಟೆಗೊಮ್ಮೆ, ಹಿಂದಿನ ಶಾಕ್‌ನ ಗಾಳಿಕೋಣೆಯದೂ 50 ಗಂಟೆಗೊಮ್ಮೆ ಮಾಡಬೇಕೆಂದು ಫೋರ್ಕ್, ಶಾಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿ ಹೇಳುತ್ತದೆ. ವಾರಕ್ಕೆ 8 ಗಂಟೆ ಅಭ್ಯಾಸ ಮಾಡುವವರಿಗೆ ಅದು ಆರೇಳು ವಾರಕ್ಕೊಮ್ಮೆ ಬರುತ್ತದೆ. ಹಾರ್ಡ್‌ಟೇಲಿಗೆ ಈ ಕೆಲಸ ಒಂದು, ಫುಲ್ ಸಸ್ಪೆನ್ಷನ್ನಿಗೆ ಎರಡು, ಮೇಲೆ ಲಿಂಕಿನ ಬೇರಿಂಗುಗಳು. ಗಾಳಿಕೋಣೆಯ ಸರ್ವಿಸನ್ನು ಕಲಿತರೆ ಮನೆಯಲ್ಲೇ ಮಾಡಬಹುದು: ಗಾಳಿ ಪೂರ್ತಿ ಬಿಟ್ಟು, ಡಬ್ಬಿ ಬಿಚ್ಚಿ, ಹಳೆ ಗ್ರೀಸ್ ಒರೆಸಿ, ಹೊಸ ಸೀಲ್ ಕಿಟ್ ಹಾಕಿ, ಸಸ್ಪೆನ್ಷನ್ನಿಗೆಂದೇ ಇರುವ ಗ್ರೀಸ್ ಹಚ್ಚುವುದು. ಗಾಳಿ ಉಳಿದಿದ್ದಾಗ ಬಿಚ್ಚಿದರೆ ಡಬ್ಬಿ ಗುಂಡಿನಂತೆ ಸಿಡಿಯುತ್ತದೆ, ಹುಷಾರು. ಡ್ಯಾಂಪರಿನ ಒಳಗಿನ ಕೆಲಸಕ್ಕೆ ಮಾತ್ರ ಬೆಂಗಳೂರಿಗೆ ಕಳಿಸಬೇಕು, ಅಷ್ಟು ದಿನ ಸೈಕಲ್ ಗೋಡೆಗೆ ಒರಗಿ ನಿಂತಿರುತ್ತದೆ. ರೇಸಿನ ದಿನಾಂಕ ನೋಡಿಕೊಂಡು ಮೊದಲೇ ಕಳಿಸಿ.

ಲಿಂಕಿನ ಬೇರಿಂಗುಗಳನ್ನು ಹಾಳು ಮಾಡುವುದರಲ್ಲಿ ಮೊದಲ ಸ್ಥಾನ ಬೈಕ್ ತೊಳೆಯುವ ‘ವಾಟರ್ ಸರ್ವಿಸ್’ ಅಂಗಡಿಗೆ. ಆ ರಭಸದ ನೀರು ಗರಸಿನ ಸಣ್ಣ ಹುಡಿಯನ್ನು ಸೀಲಿನ ತುಟಿ ದಾಟಿಸಿ ಒಳಕ್ಕೆ ತಳ್ಳುತ್ತದೆ, ಗ್ರೀಸನ್ನು ಹೊರಕ್ಕೆ ತೊಳೆಯುತ್ತದೆ. ಹೊರಗೆ ಸೈಕಲ್ ಫಳಫಳ, ಒಳಗೆ ಬೇರಿಂಗ್ ಕರಕರ. ಬಕೆಟ್ ನೀರು, ಮೆತ್ತನೆ ಬ್ರಷ್ಷು, ಒಣ ಬಟ್ಟೆ ಸಾಕು. ಹಾರ್ಡ್‌ಟೇಲಿಗೂ ಇದೇ ನಿಯಮ, ಆದರೆ ಅದರಲ್ಲಿ ಹಾಳಾಗಲು ಇರುವ ಬೇರಿಂಗುಗಳೇ ಕಡಿಮೆ.

ಎಷ್ಟೋ ಫ್ರೇಮುಗಳಲ್ಲಿ ಲಿಂಕಿನ ಬೇರಿಂಗುಗಳು ಸಾಮಾನ್ಯ ಅಳತೆಯವೇ. ಬೇರಿಂಗಿನ ಮೇಲೆ 6802, 6902 ಎಂಬಂಥ ನಂಬರು ಇರುತ್ತದೆ, ಅದನ್ನು ಬರೆದುಕೊಂಡು ಹೋದರೆ ಕೈಗಾರಿಕಾ ಬೇರಿಂಗ್ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಹಳೆಯದನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯಬೇಡಿ, ಕಾರ್ಬನ್ ಫ್ರೇಮಾದರೆ ಗೂಡೇ ಸೀಳುತ್ತದೆ. ಉದ್ದ ಬೋಲ್ಟು, ವಾಷರುಗಳಿಂದ ಎಳೆದು ತೆಗೆಯುವ ಉಪಕರಣ ಬೇಕು. ಬೋಲ್ಟು ಬಿಗಿಯಲು ಎಷ್ಟು ನ್ಯೂಟನ್ ಮೀಟರ್ ಎಂಬುದು ಅದರ ತಲೆಯ ಮೇಲೋ ಕಂಪನಿಯ ಕೈಪಿಡಿಯಲ್ಲೋ ಇರುತ್ತದೆ, ಟಾರ್ಕ್ ರೆಂಚ್ ಇಲ್ಲದೆ ಕೈ ಹಾಕುವುದು ಬೇಡ.

ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಕೆರೆ ಗೋಡು, ಕೆಂಪು ಜೇಡಿ ಟಯರಿಗೆ ಮೆತ್ತಿಕೊಳ್ಳುತ್ತದೆ. ರಾಗಿ ಹುಲ್ಲೂ ಸೇರಿದರೆ ಹಿಂದಿನ ಚಕ್ರ ತಿರುಗದಂತೆ ಕಚ್ಚಿ ನಿಲ್ಲುತ್ತದೆ. ಕೆಳಗಿನ ಲಿಂಕ್ ಟಯರಿಗೆ ಹತ್ತಿರ ಇರುವ ಫುಲ್ ಸಸ್ಪೆನ್ಷನ್ ಫ್ರೇಮುಗಳಲ್ಲಿ ಇದು ಬೇಗ ಆಗುತ್ತದೆ. ಟಯರಿನ ಎರಡೂ ಬದಿ, ಮೇಲೆ, ಕನಿಷ್ಠ 6 ಮಿ.ಮೀ. ಜಾಗ ಇದೆಯೇ ನೋಡಿ. ಒಂದು ಅಲೆನ್ ಕೀ ತೂರಿಸಿ ನೋಡಿದರೆ ಗೊತ್ತಾಗುತ್ತದೆ.

ಹಾರ್ಡ್‌ಟೇಲ್ ಕೊಂಡರೆ

ಉಳಿಸಿದ ಹಣವನ್ನು ಮೊದಲು ಟಯರ್, ಚಕ್ರಕ್ಕೆ ಹಾಕಿ. 29×2.35 ಅಥವಾ 2.4 ಟಯರ್, ಟ್ಯೂಬ್‌ಲೆಸ್, ಒಳಅಗಲ 28–30 ಮಿ.ಮೀ. ಇರುವ ರಿಮ್. 65 ಕೆ.ಜಿ. ಸವಾರನಿಗೆ ಮುಂದೆ 17–19, ಹಿಂದೆ 20–22 ಪಿಎಸ್‌ಐ ಇಟ್ಟು ಶುರು ಮಾಡಿ; ತೂಕ 5 ಕೆ.ಜಿ. ಹೆಚ್ಚಿದಂತೆ 1 ಪಿಎಸ್‌ಐ ಏರಿಸಿ. ಬಂಡೆಯ ಅಂಚಿಗೆ ರಿಮ್ ‘ಟಕ್’ ಎಂದು ತಾಕಿದರೆ 1–2 ಹೆಚ್ಚಿಸಿ, ಇಲ್ಲವೇ ಹಿಂದಿನ ಟಯರಿನೊಳಗೆ ಫೋಮ್ ಇನ್ಸರ್ಟ್ ಹಾಕಿಸಿ. ಗಾಳಿ ನೋಡಲು ಹೆಬ್ಬೆರಳು ಒತ್ತುವುದು ಸಾಲದು, ಡಿಜಿಟಲ್ ಗೇಜ್ ಬೇಕೇ ಬೇಕು. ಈ ಮಟ್ಟದಲ್ಲಿ 3 ಪಿಎಸ್‌ಐ ಅಂದರೆ ಬೇರೆಯದೇ ಸೈಕಲ್ ಆಗುತ್ತದೆ.

ಬಳ್ಳಾರಿ ಜಾಲಿಯ ಮುಳ್ಳು ಇರುವ ತನಕ ನಮ್ಮ ಕಡೆ ಟ್ಯೂಬ್ ಹಾಕಿ ರೇಸ್ ಓಡುವ ಮಾತೇ ಇಲ್ಲ. ಒಂದೊಂದು ಟಯರಿಗೆ 100 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ಬೇಸಿಗೆಯಲ್ಲಿ ಎರಡು ತಿಂಗಳಿಗೇ ಅದು ಒಣಗಿ ರಬ್ಬರ್ ಸಿಪ್ಪೆಯಾಗುತ್ತದೆ, 50–60 ಮಿ.ಲೀ. ಮತ್ತೆ ಸೇರಿಸಿ. ಇದು ಎರಡೂ ಬಗೆಯ ಸೈಕಲ್ಲಿಗೆ ಒಂದೇ.

ಸೀಟ್‌ಪೋಸ್ಟ್ 27.2 ಮಿ.ಮೀ. ದಪ್ಪದ್ದು ಹಿಡಿಸುವ ಫ್ರೇಮಾದರೆ ಅದೃಷ್ಟ. ಆ ಸಣ್ಣ ದಪ್ಪದ ಕಾರ್ಬನ್ ಪೋಸ್ಟ್ 31.6ರದ್ದಕ್ಕಿಂತ ಹೆಚ್ಚು ಬಾಗಿ ಸೊಂಟಕ್ಕೆ ನೆರವಾಗುತ್ತದೆ. ಆದರೆ ಆ ಅಳತೆಯಲ್ಲಿ ಡ್ರಾಪರ್ ಆಯ್ಕೆಗಳು ಕಡಿಮೆ. ಹೊಲದ ದಾರಿಯ ಮ್ಯಾರಥಾನಿಗೆ ಬಾಗುವ ಪೋಸ್ಟ್, ಬಂಡೆಯ ಸುತ್ತಿನ ರೇಸಿಗೆ ಡ್ರಾಪರ್ ಎಂಬುದು ನಮ್ಮ ಸಲಹೆ.

ಫುಲ್ ಸಸ್ಪೆನ್ಷನ್ ಕೊಂಡರೆ

ಅಂಗಡಿಯವರು ಇಟ್ಟುಕೊಟ್ಟ ಗಾಳಿಯಲ್ಲೇ ಓಡಿಸುವವರು ಬಹಳ. ಹಾಗೆ ಓಡಿಸಿದರೆ ಒಂದೂವರೆ ಕೆ.ಜಿ. ಸುಮ್ಮನೆ ಹೊತ್ತಂತೆ. ಮೊದಲ ಕೆಲಸ ಸ್ಯಾಗ್ ಹೊಂದಿಸುವುದು, ಅಂದರೆ ಸವಾರ ಸುಮ್ಮನೆ ಕೂತಾಗ ಶಾಕ್ ಎಷ್ಟು ಕುಗ್ಗಬೇಕೆಂಬುದು. ಶಾಕ್ ಪಂಪ್ ಬೇಕು, ಚಕ್ರದ ಪಂಪ್ ಆಗುವುದಿಲ್ಲ. ಶಾಕ್ ಕುಗ್ಗದಂತೆ ಹಿಡಿಯುವ ಲಾಕ್ ತೆರೆದು, ರೇಸಿನ ಬಟ್ಟೆ, ಶೂ, ನೀರು ಸಮೇತ ಕೂತು, ಒಬ್ಬರಿಗೆ ಸೈಕಲ್ ಹಿಡಿಯಲು ಹೇಳಿ. ಶಾಕ್ ಕಾಂಡದ ಮೇಲಿನ ರಬ್ಬರ್ ಓ-ರಿಂಗನ್ನು ಸೀಲಿಗೆ ಒತ್ತಿ, ಕುಲುಕದೆ ಇಳಿದು, ರಿಂಗು ಎಷ್ಟು ದೂರ ಸರಿದಿದೆ ಅಳೆಯಿರಿ. ಶಾಕ್‌ನ ಓಟ 45 ಮಿ.ಮೀ. ಆದರೆ ಶೇಕಡಾ 20 ಅಂದರೆ 9 ಮಿ.ಮೀ., 25 ಅಂದರೆ 11. ರೇಸಿಗೆ ಈ ಎರಡರ ನಡುವೆ ಇರಲಿ. ಫೋರ್ಕಿಗೆ ಶೇಕಡಾ 15–20. ಗಾಳಿ ತುಂಬುವಾಗ ನಡುನಡುವೆ ನಿಲ್ಲಿಸಿ ಶಾಕನ್ನು ಹತ್ತು ಸಲ ಒತ್ತಿ ಬಿಡಿ. ಒಳಗಿನ ಎರಡು ಕೋಣೆಗಳಿಗೂ ಗಾಳಿ ಸಮ ಹಂಚಿಕೆಯಾಗದಿದ್ದರೆ ಅಳತೆ ತಪ್ಪು ಬರುತ್ತದೆ.

ಆಮೇಲೆ ರಿಬೌಂಡ್, ಅಂದರೆ ಕುಗ್ಗಿದ ಶಾಕ್ ಮರಳುವ ವೇಗ; ಅದನ್ನು ಹೊಂದಿಸುವುದು ಕೆಂಪು ಗುಂಡಿ. ಫುಟ್‌ಪಾತಿನ ಅಂಚಿನಿಂದ ಕೂತಂತೆಯೇ ಇಳಿದರೆ ಹಿಂಬದಿ ಒಮ್ಮೆ ಮಾತ್ರ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ನಿಧಾನ ಮಾಡಿ. ಟ್ರ್ಯಾಕ್ಟರ್ ಜಾಡಿನಲ್ಲಿ ಇದರ ಉಲ್ಟಾ ತಪ್ಪೇ ಹೆಚ್ಚು: ರಿಬೌಂಡ್ ಬಹಳ ನಿಧಾನವಾದರೆ ಒಂದು ಗೆರೆಗೆ ಕುಗ್ಗಿದ ಶಾಕ್ ಮರಳುವ ಮೊದಲೇ ಮುಂದಿನದು ಬರುತ್ತದೆ. ಕುಗ್ಗಿ ಕುಗ್ಗಿ ಕೊನೆಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಶುರುವಿನಲ್ಲಿ ಮೆತ್ತಗಿದ್ದು ನೂರು ಮೀಟರ್ ಹೋದ ಮೇಲೆ ಕುಟ್ಟತೊಡಗಿದರೆ ಗಾಳಿ ಇಳಿಸಬೇಡಿ, ರಿಬೌಂಡನ್ನು ಎರಡು ಕ್ಲಿಕ್ ವೇಗ ಮಾಡಿ.

ಹ್ಯಾಂಡಲ್ಲಿನಿಂದಲೇ ಶಾಕ್ ಲಾಕ್ ಮಾಡುವ ಲಿವರ್ ಇರುವುದನ್ನೇ ಆರಿಸಿ. ರೇಸಿನ ಆರಂಭದ ಓಟಕ್ಕೆ, ಕೆರೆ ಏರಿಗೆ, ಡಾಂಬರು ತುಂಡಿಗೆ ಅದು ಬೇಕು. ಗರಸಿನ ಏರಿನಲ್ಲಿ ಮಾತ್ರ ಲಾಕ್ ಹಾಕಬೇಡಿ, ಟಯರಿನ ಹಿಡಿತಕ್ಕೆಂದೇ ಅಲ್ಲವೇ ಈ ಸೈಕಲ್ ಕೊಂಡದ್ದು!

ಚೈನ್ ಬದಲಿಸುವಾಗ ಆಗುವ ಒಂದು ದುಬಾರಿ ತಪ್ಪು: ಶಾಕ್ ಕುಗ್ಗಿದಂತೆ ಬಹುತೇಕ ಫ್ರೇಮುಗಳಲ್ಲಿ ಹಿಂದಿನ ಚಕ್ರದ ಅಚ್ಚು ಪೆಡಲಿನ ಅಚ್ಚಿನಿಂದ ದೂರ ಸರಿಯುತ್ತದೆ. ಸ್ಟ್ಯಾಂಡಿನ ಮೇಲಿಟ್ಟು ಹಾರ್ಡ್‌ಟೇಲಿನ ಲೆಕ್ಕದಲ್ಲಿ ಚೈನ್ ಕತ್ತರಿಸಿದರೆ, ದೊಡ್ಡ ಹಲ್ಲಿನ ಗೇರಿನಲ್ಲಿರುವಾಗ ಶಾಕ್ ಪೂರ್ತಿ ಕುಗ್ಗಿದ ಕ್ಷಣ ಗೇರ್ ಬದಲಿಸುವ ಡಿರೇಲರ್ ಮುರಿಯುತ್ತದೆ. ಗಾಳಿ ಬಿಟ್ಟು, ಶಾಕ್ ಪೂರ್ತಿ ಕುಗ್ಗಿಸಿ, ಆಮೇಲೆ ಉದ್ದ ಅಳೆಯಬೇಕು.

ಇವೆರಡರ ನಡುವಿನ ಸೈಕಲ್ಲೂ ಇವೆ. ಟ್ರೆಕ್ ಸೂಪರ್‌ಕ್ಯಾಲಿಬರ್‌ನ ಮೊದಲ ಮಾದರಿಯಲ್ಲಿ ಹಿಂದೆ 60 ಮಿ.ಮೀ. ಚಲನೆ, ನಂತರದ್ದರಲ್ಲಿ 80. ಸ್ಪೆಷಲೈಸ್ಡ್ ಎಪಿಕ್ ವರ್ಲ್ಡ್ ಕಪ್‌ನಲ್ಲಿ 75. ಹೊಲದ ದಾರಿಗೆ ಸೊಗಸಾದ ಅಳತೆ, ಆದರೆ ಬೆಲೆ ಫುಲ್ ಸಸ್ಪೆನ್ಷನ್ನಿನದೇ, ಸರ್ವಿಸೂ ಅದರದೇ.

ಬೆಳೆಯುವ ಮಕ್ಕಳಿಗೆ

ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರಿಗೆ ಹಾರ್ಡ್‌ಟೇಲ್ ಬಿಟ್ಟು ಬೇರೆ ಯೋಚಿಸಬೇಡಿ. ಎರಡು ವರ್ಷಕ್ಕೆ ಫ್ರೇಮ್ ಚಿಕ್ಕದಾಗುತ್ತದೆ. ಆಗ ಚಕ್ರ, ಫೋರ್ಕ್, ಬ್ರೇಕ್, ಗೇರ್ ಉಳಿಸಿಕೊಂಡು ಫ್ರೇಮ್ ಮಾತ್ರ ಬದಲಿಸಬಹುದು, ಅಚ್ಚಿನ ಅಗಲ ಮುಂದೆ 110, ಹಿಂದೆ 148 ಮಿ.ಮೀ. ಇರುವುದನ್ನು ಮೊದಲೇ ಕೊಂಡಿದ್ದರೆ. ಮುಂದೆ 100, ಹಿಂದೆ 135ರ ಹಳೆಯ ಅಳತೆಯದ್ದು ಮುಂದಿನ ಫ್ರೇಮಿಗೆ ಕೂರುವುದಿಲ್ಲ. ಜೊತೆಗೆ, ಕಲ್ಲುಗಳ ನಡುವೆ ಸರಿಯಾದ ಗೆರೆ ಹಿಡಿಯುವುದನ್ನು ಹಾರ್ಡ್‌ಟೇಲ್ ಬೇಗ ಕಲಿಸುತ್ತದೆ. ತಪ್ಪು ಗೆರೆ ಹಿಡಿದರೆ ಆ ಕ್ಷಣವೇ ಪಾದಕ್ಕೆ ಗೊತ್ತಾಗುತ್ತದೆ.

ಇನ್ನೂ ಅನುಮಾನವಿದ್ದರೆ ಓಡಿಸಿ ನೋಡಿ

ಸ್ನೇಹಿತರ ಫುಲ್ ಸಸ್ಪೆನ್ಷನ್ ಒಂದು ಬೆಳಿಗ್ಗೆಗೆ ಸಿಕ್ಕರೂ ಸಾಕು. 8–10 ನಿಮಿಷದ ಒಂದು ಸುತ್ತು ಆರಿಸಿ. ಗರಸಿನ ಏರು, ಟ್ರ್ಯಾಕ್ಟರ್ ಜಾಡು, ಒಂದಷ್ಟು ಬಂಡೆ ಅದರಲ್ಲಿರಲಿ. ಎರಡೂ ಸೈಕಲ್ಲಿಗೆ ಒಂದೇ ಅಗಲದ ಟಯರ್, ಹೊಂದಿಕೆಯಾದ ಗಾಳಿ, ಒಂದೇ ಸೀಟಿನ ಎತ್ತರ. ಮೊದಲ ಸುತ್ತು ಹಾರ್ಡ್‌ಟೇಲ್, ಎರಡು ಮತ್ತು ಮೂರನೆಯದು ಫುಲ್ ಸಸ್ಪೆನ್ಷನ್, ನಾಲ್ಕನೆಯದು ಮತ್ತೆ ಹಾರ್ಡ್‌ಟೇಲ್. ಹೀಗೆ ಮಾಡಿದರೆ ದಣಿವು ಎರಡಕ್ಕೂ ಸಮ ಬೀಳುತ್ತದೆ. ಎದೆಬಡಿತ ನಾಲ್ಕೂ ಸುತ್ತಿನಲ್ಲಿ ಒಂದೇ ಮಟ್ಟದಲ್ಲಿರಲಿ. ಸಮಯದ ಜೊತೆಗೆ ತುಳಿತ ಎಷ್ಟು ಕಡೆ ನಿಂತಿತು ಎಂದೂ ಎಣಿಸಿ. ಸುತ್ತಿಗೆ ಐದಾರು ಸೆಕೆಂಡಿನ ವ್ಯತ್ಯಾಸ ಗಾಳಿಯಿಂದಲೂ ಬರುತ್ತದೆ, ಅದಕ್ಕೆ ಲಕ್ಷ ರೂಪಾಯಿ ಸುರಿಯಬೇಡಿ. ಹದಿನೈದು ಇಪ್ಪತ್ತು ಸೆಕೆಂಡ್ ಬಂದು, ತುಳಿತ ನಿಲ್ಲುವುದೂ ಅರ್ಧಕ್ಕೆ ಇಳಿದಿದ್ದರೆ ನಿಮ್ಮ ನೆಲ ಫುಲ್ ಸಸ್ಪೆನ್ಷನ್ ಕೇಳುತ್ತಿದೆ.

ಸೆಕೆಂಡ್ ಹ್ಯಾಂಡ್

ಬೆಂಗಳೂರು ಹತ್ತಿರವಿರುವುದರಿಂದ ಒಳ್ಳೆಯ ಹಳೆಯ ಸೈಕಲ್ ಸಿಗುತ್ತವೆ. ಹಾರ್ಡ್‌ಟೇಲಾದರೆ ಸೀಟ್ ಟ್ಯೂಬ್ ಮೇಲಿನ ಟ್ಯೂಬಿಗೆ ಕೂಡುವಲ್ಲಿ, ಪೆಡಲ್ ಅಚ್ಚಿನ ಗೂಡಿನ ಸುತ್ತ ಬಿರುಕಿದೆಯೇ ನೋಡಿ, ಹಿಂದಿನ ರಿಮ್ ತಿರುಗಿಸಿ ನೆಗ್ಗು ಹುಡುಕಿ. ಫುಲ್ ಸಸ್ಪೆನ್ಷನ್ ಆದರೆ ಸೀಟು ಹಿಡಿದು ಸೈಕಲ್ಲನ್ನು ಮೆಲ್ಲನೆ ಎತ್ತಿ. ಹಿಂದಿನ ಚಕ್ರ ನೆಲ ಬಿಡುವ ಮೊದಲು ‘ಟಿಕ್’ ಎಂಬ ಸಡಿಲ ಕೈಗೆ ತಗುಲಿದರೆ ಶಾಕ್‌ನ ಬುಷ್ಷೋ ಲಿಂಕಿನ ಬೇರಿಂಗೋ ಸವೆದಿದೆ. ಮಾರುವವರು ಒಪ್ಪಿದರೆ ಶಾಕ್ ಒಂದು ಕಡೆ ಬಿಚ್ಚಿ ಹಿಂಬದಿಯನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ. ಎಣ್ಣೆಯಂತೆ ಜಾರಬೇಕು, ಕಾಳು ಅರೆದಂತೆ ಆಗಬಾರದು. ಕೊನೆಗೆ ಶಾಕ್ ಮತ್ತು ಫೋರ್ಕಿನ ಹೊಳೆಯುವ ಕಾಂಡದ ಮೇಲೆ ಉಗುರು ಎಳೆಯಿರಿ. ಗೀರಿಗೆ ಉಗುರು ಸಿಕ್ಕಿಹಾಕಿಕೊಂಡರೆ ಅಲ್ಲಿಂದ ದೂಳು ಒಳಗೆ, ಎಣ್ಣೆ ಹೊರಗೆ. ಹೊಸ ಕಾಂಡದ ಬೆಲೆ ವಿಚಾರಿಸಿಕೊಂಡು, ಅಷ್ಟನ್ನೂ ಕಳೆದು ಬೆಲೆ ಹೇಳಿ.